ಡೈರೆಕ್ಟ್ ಕ್ಲೈಂಟಾ, ಸಾರ್?

ಬೆಂಗಳೂರಿನಲ್ಲಿ ಕೆಲಸ ಕೊಡಿಸುವ ಯಾವುದಾದರೂ ಸಣ್ಣ ಕನ್ಸಲ್ಟೆನ್ಸಿಯ ವೆಬ್‌ಸೈಟ್ ತೆರೆದು ನೋಡಿ. ‘ನಮ್ಮ ಗ್ರಾಹಕರು’ ಎಂಬ ಪುಟದಲ್ಲಿ ಲೋಗೋಗಳ ಸಾಲು ಇದ್ದೇ ಇರುತ್ತದೆ. ಜರ್ಮನಿಯ ಕಾರು, ಅಮೆರಿಕದ ಬ್ಯಾಂಕು, ಜಪಾನಿನ ಟಿ.ವಿ., ನಮ್ಮೂರಿನದೇ ಒಂದೆರಡು ಸಾಫ್ಟ್‌ವೇರ್ ಕಂಪನಿ. ಇಷ್ಟು ಜನಕ್ಕೆ ಆಳು ಒದಗಿಸುವವರ ಆಫೀಸು ಎಷ್ಟು ದೊಡ್ಡದಿರಬೇಡ ಎಂದುಕೊಂಡು ವಿಳಾಸ ಹುಡುಕಿಕೊಂಡು ಹೋದರೆ, ವಿಜಯನಗರದಲ್ಲೋ ಬಿಟಿಎಂ ಲೇಔಟಿನಲ್ಲೋ ಕೆಳಗೆ ಮೆಡಿಕಲ್ ಸ್ಟೋರು, ಮೇಲೆ ಒಂದೂವರೆ ರೂಮು, ನಾಲ್ಕು ಹೆಡ್‌ಸೆಟ್ಟು, ಗೋಡೆಯ ಮೇಲೆ ಒಬ್ಬ ಗಣಪತಿ. ಅರ್ಧ ರೂಮು ಮಾಲೀಕರ ಕ್ಯಾಬಿನ್ನು. ನೀರಿನ ಕ್ಯಾನು ಇರುವುದೂ ಅಲ್ಲೇ.

ಇಂಥ ಕೆಲವು ಸಂಸ್ಥೆಗಳ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕಸುಬು. ಜಿಎಸ್‌ಟಿ ರಿಟರ್ನ್ಸ್ ಹಾಕುವುದು, ಟಿಡಿಎಸ್ ತಾಳೆ ನೋಡುವುದು, ಬರಬೇಕಾದ ಬಾಕಿಯ ಪಟ್ಟಿ ಇಟ್ಟುಕೊಂಡು ಮಾಲೀಕರ ಮುಖ ನೋಡುವುದು. ಹಾಗಾಗಿ ಆ ಲೋಗೋ ಸಾಲಿನ ಹಿಂದಿರುವ ರೂಪಾಯಿ ನನಗೆ ಚೆನ್ನಾಗಿ ಗೊತ್ತು. ಜರ್ಮನಿಯ ಲೋಗೋ ಎಂದರೆ ಯಾವ ಕಾಲದಲ್ಲೋ ಅಲ್ಲಿಗೆ ಸೇರಿದ ಒಬ್ಬ ಅಕೌಂಟೆಂಟು. ಅಮೆರಿಕದ ಬ್ಯಾಂಕು ಎಂದರೆ ಇನ್ನೊಬ್ಬ ದೊಡ್ಡ ವೆಂಡರಿನ ಕೆಳಗೆ ದುಡಿದು ಪಡೆದ ಅರ್ಧ ಕಮಿಷನ್ನು. ಜಪಾನು ಎಂದರೆ ಮೀಟಿಂಗ್ ಆಗಿದೆ, ಅಷ್ಟೆ. ಬಾಡಿಗೆ, ಕರೆಂಟು, ಹೆಡ್‌ಸೆಟ್ಟಿನ ಹುಡುಗಿಯರ ಸಂಬಳ ಇಷ್ಟೂ ಹುಟ್ಟುತ್ತಿರುವುದು ಪೀಣ್ಯದ ಒಂದು ಗೇರ್ ಕಾರ್ಖಾನೆಯಿಂದ, ಮತ್ತೆ ಬಸವೇಶ್ವರನಗರದ ಒಂದು ಡಯಾಗ್ನೊಸ್ಟಿಕ್ ಲ್ಯಾಬಿನಿಂದ. ಅವೆರಡರ ಹೆಸರೂ ವೆಬ್‌ಸೈಟಿನಲ್ಲಿ ಇಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುತ್ತಾರೆ. ಇಲ್ಲಿ ಹಿಟ್ಟು ಕೊಡುವವರನ್ನು ಒಳಗೆ ಕೂರಿಸಿ, ಬಾಗಿಲಲ್ಲಿ ಮಲ್ಲಿಗೆ ಮುಡಿದು ನಿಲ್ಲುವುದು.

ಇದರಲ್ಲಿ ಇನ್ನೊಂದು ತಮಾಷೆ ಇದೆ. ದೊಡ್ಡ ಕಂಪನಿಯ ಅಗ್ರಿಮೆಂಟಿನಲ್ಲಿ, ಕಂಪನಿಯ ಹೆಸರನ್ನಾಗಲಿ ಲಾಂಛನವನ್ನಾಗಲಿ ಲಿಖಿತ ಒಪ್ಪಿಗೆಯಿಲ್ಲದೆ ಎಲ್ಲೂ ಬಳಸಕೂಡದು ಎಂಬ ಕಲಮು ಇರುತ್ತದೆ. ಅಂದರೆ ನಿಜವಾಗಿ ಸಹಿ ಹಾಕಿದವನು ಲೋಗೋ ಹಾಕುವಂತಿಲ್ಲ. ಸಹಿ ಹಾಕದೆ ಬರೀ ಮೀಟಿಂಗ್ ಮುಗಿಸಿ ಬಂದವನಿಗೆ ಆ ಕಲಮಿನ ಕಾಟವೇ ಇಲ್ಲ!

ಹಾಗಂತ ಈ ಹಂಬಲವನ್ನು ಪೂರ್ತಿ ಷೋಕಿ ಎಂದು ತಳ್ಳಿಹಾಕಲಾರೆ. ಹೆಡ್‌ಸೆಟ್ ಹಾಕಿಕೊಂಡ ಹುಡುಗಿ ಒಬ್ಬ ಎಂಜಿನಿಯರಿಗೆ ಫೋನ್ ಮಾಡಿ “ಪೀಣ್ಯ ಸೆಕೆಂಡ್ ಸ್ಟೇಜಲ್ಲಿ ಒಂದು ಕಂಪನಿ...” ಎನ್ನುತ್ತಿದ್ದಂತೆ ಅವನಿಗೆ ನೆಟ್‌ವರ್ಕ್ ಹೋಗುತ್ತದೆ. ಅದೇ ಹುಡುಗಿ ಔಟರ್ ರಿಂಗ್ ರೋಡಿನ ದೊಡ್ಡ ಹೆಸರೊಂದನ್ನು ಉಸಿರಿದಳೋ, “ಒಂದ್ನಿಮಿಷ ಮೇಡಂ, ಹೊರಗೆ ಬಂದು ಮಾತಾಡ್ತೀನಿ” ಎನ್ನುತ್ತಾನೆ. ಆಫೀಸಿನೊಳಗೆ ಕೂತವನನ್ನು ಹೊರಗೆ ಬರಿಸುವ ಶಕ್ತಿ ಹೆಸರಿಗೆ ಇದೆ. ಕಸುಬಿನವರು ತಮ್ಮತಮ್ಮೊಳಗೆ ಭೇಟಿಯಾದಾಗಲೂ ಅಷ್ಟೆ. ಊಟ ಆಯ್ತಾ ಎಂದು ಕೇಳುವ ಮುಂಚೆ ಕೇಳುವುದು: “ಡೈರೆಕ್ಟ್ ಕ್ಲೈಂಟಾ, ಸಾರ್?” ನೇರವಾಗಿ ಕಂಪನಿಯಿಂದಲೇ ಕೆಲಸ ಬರುತ್ತಿದೆಯೋ, ಇಲ್ಲ ನಡುವೆ ಇನ್ನಾರೋ ಕೂತು ಕೊಡುತ್ತಿದ್ದಾರೋ ಎಂಬುದರ ಮೇಲೆ ಮನುಷ್ಯನ ಅಂತಸ್ತು ತೀರ್ಮಾನವಾಗುತ್ತದೆ. ನಡುವೆ ಒಬ್ಬನೇ ಇದ್ದರೆ ಪುಣ್ಯ. ಕಾಂಟ್ರಾಕ್ಟ್ ಸ್ಟಾಫಿಂಗಿನಲ್ಲಿ ಕಂಪನಿಗೂ ಕೆಲಸ ಮಾಡುವ ಹುಡುಗನಿಗೂ ಮಧ್ಯೆ ಮೂರು ಸಂಸ್ಥೆ ಕೂತು ಒಂದೊಂದು ತುತ್ತು ಎತ್ತಿಕೊಂಡು ಮುಂದಕ್ಕೆ ದಾಟಿಸುವುದನ್ನು ಬಿಲ್ಲುಗಳಲ್ಲೇ ನೋಡಿದ್ದೇನೆ.

ಮೊದಲು ಹೀಗಿರಲಿಲ್ಲ ಎಂದು ಹಳಬರು ಹೇಳುತ್ತಾರೆ. ಹಳಬರು ಎಲ್ಲ ವಿಷಯದಲ್ಲೂ ಹಾಗೇ ಹೇಳುವುದರಿಂದ ಅರ್ಧ ಕಳೆದು ನಂಬಬೇಕು. ಕಲ್ಕತ್ತದಲ್ಲಿ 1969ರಲ್ಲಿ ಎಬಿಸಿ ಕನ್ಸಲ್ಟೆಂಟ್ಸ್ ಶುರುವಾದ ಕಾಲಕ್ಕೆ ಈ ಕಸುಬು ಮಾಡುವವರು ದೇಶದಲ್ಲಿ ಬೆರಳೆಣಿಕೆ. ಆಗಿನ ಕನ್ಸಲ್ಟೆಂಟಿನ ಆಸ್ತಿ ಎಂದರೆ ಸ್ಟೀಲ್ ಬೀರು, ಅದರೊಳಗೆ ಟೈಪು ಮಾಡಿದ ಬಯೋಡೇಟಾಗಳು. ಯಾರ ಬೀರುವಿನಲ್ಲಿ ಯಾರಿದ್ದಾರೆ ಎಂಬುದು ಅವರವರ ಗುಟ್ಟು. 1997ರಲ್ಲಿ ಸಂಜೀವ್ ಬಿಖ್‌ಚಂದಾನಿ ನೌಕ್ರಿ ಡಾಟ್ ಕಾಂ ತೆರೆದರು. ಅಲ್ಲಿಂದ ಮುಂದೆ ನಿಧಾನವಾಗಿ ಎಲ್ಲರ ಬೀರುವೂ ಒಂದೇ ಆಗಿಹೋಯಿತು. ವರ್ಷದ ಚಂದಾ ಕಟ್ಟಿದರೆ ವಿಜಯನಗರದ ಒಂದೂವರೆ ರೂಮಿಗೂ, ಗಾಜಿನ ಕಟ್ಟಡದಲ್ಲಿ ಇಡೀ ಮಹಡಿ ಹಿಡಿದವರಿಗೂ ಅದೇ ಬಯೋಡೇಟಾ ಕಾಣುತ್ತದೆ. ಕೊನೆಗೆ ಕಂಪನಿಗೂ ಅದೇ ಕಾಣುತ್ತದೆ. ಹಾಗಾದರೆ ಕನ್ಸಲ್ಟೆಂಟ್ ಮಾರುವುದು ಏನನ್ನು? ಈ ಪ್ರಶ್ನೆಯನ್ನು ಮಾಲೀಕರು ಕೇಳಿಕೊಳ್ಳುವುದು ಕಡಿಮೆ. ದೊಡ್ಡ ಕಂಪನಿಯ ಪರ್ಚೇಸಿನವರು ತಪ್ಪದೆ ಕೇಳುತ್ತಾರೆ.

ಒಳನಾಡಿನಲ್ಲಿ ಕೆಲಸ ಕೊಡಿಸುವ ಅಂಗಡಿ ಇಡುವುದು ಸುಲಭವಾದದ್ದೂ ಜನ ತುಂಬಿಕೊಳ್ಳಲು ಕಾರಣ. ಗಲ್ಫಿಗೆ ಆಳು ಕಳಿಸಬೇಕೆಂದರೆ 1983ರ ಎಮಿಗ್ರೇಷನ್ ಕಾಯ್ದೆಯಡಿ ನೋಂದಣಿ, ಬ್ಯಾಂಕ್ ಗ್ಯಾರಂಟಿ ಎಲ್ಲ ಬೇಕು. ವೈಟ್‌ಫೀಲ್ಡಿಗೆ ಕಳಿಸಲು ಒಂದು ಫೋನು ಸಾಕು. ಅದರ ಮೇಲೆ ಬೆಂಗಳೂರಿನಲ್ಲಿ ಹೊಸಹೊಸ ಗಾಜಿನ ಕಟ್ಟಡ ಏಳುತ್ತಲೇ ಇವೆ. ಹೊರದೇಶದ ಕಂಪನಿಗಳು ತಮ್ಮ ಸ್ವಂತ ಕೆಲಸಕ್ಕೇ ಇಲ್ಲಿ ತೆರೆಯುವ ಆಫೀಸುಗಳನ್ನು ಈಗ ಜಿಸಿಸಿ ಎನ್ನುತ್ತಾರೆ. ನಾಸ್ಕಾಂ 2024ರಲ್ಲಿ ಕೊಟ್ಟ ಲೆಕ್ಕದಂತೆ ದೇಶದಲ್ಲಿ 1,700ಕ್ಕೂ ಹೆಚ್ಚು ಇವೆ. ಯಾವ ಊರಿಗಿಂತಲೂ ಹೆಚ್ಚು ಇರುವುದು ನಮ್ಮಲ್ಲಿ. ಮಾನ್ಯತಾ ಟೆಕ್ ಪಾರ್ಕಿನ ಮುಂದೆ ಸಿಗ್ನಲ್ಲಿನಲ್ಲಿ ನಿಂತ ಪ್ರತಿ ಕನ್ಸಲ್ಟೆಂಟೂ ತಲೆಯೆತ್ತಿ ನೋಡಿ ಅಂದುಕೊಳ್ಳುವುದು ಒಂದೇ. ಇಷ್ಟು ಕಿಟಕಿಯಲ್ಲಿ ನನ್ನ ಪಾಲಿನದು ಒಂದು ಇರಲಾರದೇ?

ಇರಬಹುದು. ಆದರೆ ಕಿಟಕಿಗೆ ಮುಂಚೆ ಗೇಟು ಇದೆ. ಗೇಟಿನಲ್ಲಿ ಆಧಾರ್ ತೋರಿಸಿ, ಲ್ಯಾಪ್‌ಟಾಪಿನ ಸೀರಿಯಲ್ ನಂಬರ್ ಬರೆಸಿ, ಫೋನಿನ ಕ್ಯಾಮೆರಾಕ್ಕೆ ಸ್ಟಿಕರ್ ಅಂಟಿಸಿಕೊಂಡು, ‘ವಿಸಿಟರ್’ ಎಂಬ ಪಟ್ಟಿ ಕೊರಳಿಗೆ ಹಾಕಿಕೊಂಡು ಒಳಗೆ ಹೋದರೆ, ಟ್ಯಾಲೆಂಟ್ ಅಕ್ವಿಸಿಷನ್ ಹೆಡ್ ಬಹಳ ಸೌಜನ್ಯದಿಂದ ಕಾಫಿ ಕೊಡಿಸುತ್ತಾರೆ. ನಮಗೆ ಒಳ್ಳೇ ಪಾರ್ಟ್‌ನರ್ಸ್ ಬೇಕೇ ಬೇಕು ಎನ್ನುತ್ತಾರೆ. ಕನ್ಸಲ್ಟೆಂಟ್ ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಮನಸ್ಸಿನಲ್ಲೇ ಇನ್ನೂ ನಾಲ್ಕು ಹೆಡ್‌ಸೆಟ್ ಕೊಂಡಿರುತ್ತಾರೆ. ಆಮೇಲೆ ಪ್ರೊಕ್ಯೂರ್‌ಮೆಂಟಿನಿಂದ ಮೇಲ್ ಬರುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಇಲ್ಲಿನ ಪೂಜಾರಿ ಬೆಳಿಗ್ಗೆ ಕುರ್ಚಿಗೆ ಚೌಕಾಸಿ ಮಾಡಿ, ಮಧ್ಯಾಹ್ನ ಹೌಸ್‌ಕೀಪಿಂಗಿಗೆ ಚೌಕಾಸಿ ಮಾಡಿ, ಸಾಯಂಕಾಲ ಎಂಜಿನಿಯರ್ ಹುಡುಕಿಕೊಡುವವರ ಕಡೆ ತಿರುಗುವವರು. ಅವರಿಗೆ ಮೂರಕ್ಕೂ ಒಂದೇ ಎಕ್ಸೆಲ್ ಶೀಟು.

ಕಂಪನಿಯ ವೆಂಡರ್ ಪಟ್ಟಿಗೆ ಸೇರಲು ತುಂಬಬೇಕಾದ ಎಂಪ್ಯಾನೆಲ್‌ಮೆಂಟ್ ಫಾರಂ ಎಂಬುದು ಒಂದು ಸಾಹಿತ್ಯ ಪ್ರಕಾರ. ಮೂರು ವರ್ಷದ ಆಡಿಟ್ ಆದ ಬ್ಯಾಲೆನ್ಸ್ ಶೀಟು, ಪ್ಯಾನು, ಜಿಎಸ್‌ಟಿ, ಉದ್ಯಮ್ ನೋಂದಣಿ, ಪಿಎಫ್ ಕೋಡು, ಕ್ಯಾನ್ಸಲ್ ಮಾಡಿದ ಚೆಕ್ಕು. ಇಷ್ಟು ಸರಿ, ಕೊಡೋಣ. ಆಮೇಲಿನ ಪ್ರಶ್ನೆಗಳಿಗೆ ಉತ್ತರ ಬರೆಸಿಕೊಳ್ಳಲು ಮಾಲೀಕರು ನನ್ನ ಹತ್ತಿರ ಬರುತ್ತಾರೆ. ಒಮ್ಮೆ ಬಂದವರೊಬ್ಬರು ಮೇಜಿನ ಮೇಲೆ ಇಟ್ಟ ಫಾರಮಿನಲ್ಲಿ ಇಂಗಾಲದ ಹೊರಸೂಸುವಿಕೆ ತಗ್ಗಿಸಲು ನಿಮ್ಮ ಸಂಸ್ಥೆ ಕೈಗೊಂಡ ಕ್ರಮಗಳೇನು ಎಂದಿತ್ತು.

“ಎ.ಸಿ. ಕೆಟ್ಟಿದೆ ಸಾರ್, ರಿಪೇರಿ ಮಾಡಿಸಿಲ್ಲ. ಬರೀಬೋದಾ?”

ವಿಪತ್ತಿನ ಕಾಲದಲ್ಲಿ ವ್ಯವಹಾರ ನಿಲ್ಲದಂತೆ ನಿಮ್ಮ ಯೋಜನೆ ಏನು ಎಂಬುದು ಅದರ ಮುಂದಿನದು. ಕರೆಂಟ್ ಹೋದರೆ ನಾಲ್ಕು ಹುಡುಗಿಯರೂ ಎದುರಿನ ದರ್ಶಿನಿಗೆ ಹೋಗಿ ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಕೆಲಸ ಮಾಡುತ್ತಾರಂತೆ. ಅದನ್ನು ‘ಪರ್ಯಾಯ ಕಾರ್ಯಸ್ಥಳದ ವ್ಯವಸ್ಥೆ ಇದೆ’ ಎಂದು ಬರೆದೆವು. ಸುಳ್ಳೇನಲ್ಲ. ಕಾಫಿಯೂ ಸಿಗುವ ಪರ್ಯಾಯ ಕಾರ್ಯಸ್ಥಳ ಎಷ್ಟು ಬಹುರಾಷ್ಟ್ರೀಯ ಕಂಪನಿಗಳಿಗೆ ಇದೆಯೋ! ಸಿಕ್ಕಿಹಾಕಿಕೊಂಡದ್ದು ವಹಿವಾಟಿನ ಕಾಲಮಿನಲ್ಲಿ. ಅವರು ಕೇಳುವುದು ವರ್ಷಕ್ಕೆ ಕನಿಷ್ಠ ಐದು ಕೋಟಿ. ಇವರದು ಲಕ್ಷಗಳಲ್ಲಿ ಇದೆ. ಐದು ಕೋಟಿ ಆಗಬೇಕಾದರೆ ಇಂಥ ಕ್ಲೈಂಟ್ ಬೇಕು, ಇಂಥ ಕ್ಲೈಂಟ್ ಸಿಗಬೇಕಾದರೆ ಐದು ಕೋಟಿ ಬೇಕು. ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು.

ಇದನ್ನೆಲ್ಲ ದಾಟಿದರೆ ರೇಟಿನ ಮಾತು. ಈ ಕಸುಬಿನಲ್ಲಿ ಬಹುಕಾಲದಿಂದ ಚಾಲ್ತಿಯಲ್ಲಿರುವ ಸಂಖ್ಯೆ 8.33. ವರ್ಷದ ಸಂಬಳದ ನೂರಕ್ಕೆ 8.33, ಅಂದರೆ ಹನ್ನೆರಡರಲ್ಲಿ ಒಂದು ಪಾಲು, ಅಂದರೆ ಸೇರಿದವನ ಒಂದು ತಿಂಗಳ ಸಂಬಳ. ಈ ಸಂಖ್ಯೆಯ ಬಗ್ಗೆ ನನಗೆ ಸ್ವಲ್ಪ ಮೋಹ ಇದೆ, ಯಾಕೆಂದರೆ ನನ್ನ ಮೇಜಿಗೆ ಅದು ಮೂರು ದಾರಿಯಿಂದ ಬರುತ್ತದೆ. ಬೋನಸ್ ಕಾನೂನಿನಲ್ಲಿ ಕನಿಷ್ಠ ಬೋನಸ್ ನೂರಕ್ಕೆ 8.33. ಮಾಲೀಕ ಕಟ್ಟುವ ಪಿಎಫ್ ಪಾಲಿನಲ್ಲಿ ಪಿಂಚಣಿ ಖಾತೆಗೆ ಹೋಗುವುದು ಸಂಬಳದ ನೂರಕ್ಕೆ 8.33. ಕೆಲಸ ಕೊಡಿಸಿದವನಿಗೂ 8.33. ಒಬ್ಬ ಮನುಷ್ಯ ಕೆಲಸಕ್ಕೆ ಸೇರುವಾಗ, ದೀಪಾವಳಿಗೆ ಸ್ವಲ್ಪ ಖುಷಿ ಪಡುವಾಗ, ಮುದುಕನಾಗಿ ಮನೆಗೆ ಹೋಗುವಾಗ ಮೂರು ಸಲವೂ ವರ್ಷದಿಂದ ಒಂದು ತಿಂಗಳನ್ನು ಹೆಕ್ಕಿ ಪಕ್ಕಕ್ಕಿಡಬೇಕು ಎಂದು ಯಾರಿಗೆ ಹೊಳೆಯಿತೋ. ಬೋನಸ್ಸು, ಪಿಂಚಣಿಯ ಜೊತೆ ಚೌಕಾಸಿ ಮಾಡಲು ಬರುವುದಿಲ್ಲ, ಕಾನೂನು ಇದೆ. ಕೆಲಸ ಕೊಡಿಸಿದವನ 8.33ಕ್ಕೆ ದಿಕ್ಕಿಲ್ಲ.

“ಎಲ್ಲರೂ ಏಳಕ್ಕೆ ಮಾಡ್ತಿದಾರೆ” ಎಂದು ಪರ್ಚೇಸಿನವರು ಶುರುಮಾಡುತ್ತಾರೆ. ಸರಿ, ಏಳು. ಯಾವುದರ ಮೇಲೆ ಏಳು? ಸಿಟಿಸಿ ಎಂಬ ಒಟ್ಟು ಮೊತ್ತದ ಮೇಲೆ ಅಲ್ಲ, ಖಾಯಂ ಸಂಬಳದ ಮೇಲೆ ಮಾತ್ರ. ಹನ್ನೆರಡು ಲಕ್ಷದ ಹುಡುಗನಿಗೆ ಎರಡು ಲಕ್ಷ ‘ವೇರಿಯಬಲ್’ ಎಂದಿದ್ದರೆ ಉಳಿದದ್ದು ಹತ್ತು. ಒಂದು ಲಕ್ಷವಾಗಬೇಕಿದ್ದ ಬಿಲ್ಲು ಯಾರೂ ದನಿ ಎತ್ತರಿಸದೆ ಎಪ್ಪತ್ತು ಸಾವಿರಕ್ಕೆ ಇಳಿಯಿತು. ಈಗ ಆ ಎಪ್ಪತ್ತು ಸಾವಿರದ ಯಾತ್ರೆ ನೋಡಿ. ಕೆಲಸ ಖಾಲಿ ಇದೆ ಎಂದು ಹೇಳಿದ್ದು ಜೂನಿನಲ್ಲಿ. ಮೂರು ರೌಂಡು ಇಂಟರ್‌ವ್ಯೂ ಮುಗಿದು ಆಫರ್ ಲೆಟರ್ ಬಂದದ್ದು ಆಗಸ್ಟಿನಲ್ಲಿ. ಹುಡುಗನಿಗೆ ಹಳೇ ಕಂಪನಿಯಲ್ಲಿ 90 ದಿನದ ನೋಟಿಸು. ಆ 90 ದಿನದಲ್ಲಿ ಅವನು ಇನ್ನೂ ನಾಲ್ಕು ಆಫರ್ ಸಂಪಾದಿಸದೆ ನಿಯತ್ತಾಗಿ ನವೆಂಬರಿನಲ್ಲಿ ಬಂದು ಸೇರಿದ ಎಂದೇ ಇಟ್ಟುಕೊಳ್ಳೋಣ. ಸೇರಿ 30 ದಿನವಾದ ಮೇಲೆ ಬಿಲ್ಲು ಹಾಕಬೇಕು. ಬಿಲ್ಲಿಗೆ ಶೇ. 18 ಜಿಎಸ್‌ಟಿ, ಅಂದರೆ 12,600. ಇದನ್ನು ಮುಂದಿನ ತಿಂಗಳೇ ಸರ್ಕಾರಕ್ಕೆ ಕಟ್ಟಬೇಕು, ಕಂಪನಿ ದುಡ್ಡು ಕೊಟ್ಟಿದೆಯೋ ಇಲ್ಲವೋ ಸರ್ಕಾರಕ್ಕೆ ಸಂಬಂಧವಿಲ್ಲ. ಕಂಪನಿ ಕೊಡುವುದು ಬಿಲ್ಲು ಬಂದ 60 ದಿನಕ್ಕೆ, ಅದೂ ಟಿಡಿಎಸ್ ಏಳು ಸಾವಿರ ಹಿಡಿದುಕೊಂಡು. ಜೂನಿನಲ್ಲಿ ಬಿತ್ತಿದ್ದು ಫೆಬ್ರವರಿಗೆ. ಅಷ್ಟರೊಳಗೆ ಹುಡುಗ 85ನೇ ದಿನ ಬೇರೆ ಕಡೆ ಹೊರಟುಬಿಟ್ಟರೆ ಅಗ್ರಿಮೆಂಟಿನ ಪ್ರಕಾರ ಬದಲಿ ಆಳು ಕೊಡಬೇಕು, ಇಲ್ಲ ದುಡ್ಡು ವಾಪಸ್ಸು.

ಈ ಕಸುಬನ್ನು ಮದುವೆ ದಲ್ಲಾಳಿಗೆ ಹೋಲಿಸುವವರು ಬಹಳ. ಎರಡು ಕಡೆಯನ್ನೂ ಹೊಗಳುವುದು, ದೋಷ ಮುಚ್ಚಿಡುವುದು ಇವೆರಡನ್ನು ನೋಡಿ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ದಲ್ಲಾಳಿಗೆ ಛತ್ರದಲ್ಲೇ ದಕ್ಷಿಣೆ, ಪಂಚೆ, ಹೊಟ್ಟೆ ತುಂಬ ಊಟ. ಹುಡುಗಿ ಮೂರು ತಿಂಗಳಿಗೆ ತವರಿಗೆ ಬಂದಳೆಂದು ಯಾವ ಬೀಗರೂ ಅವನ ಮನೆಗೆ ಬಂದು, ಬೇರೆ ಹುಡುಗಿ ಕೊಡು, ಇಲ್ಲ ಪಂಚೆ ವಾಪಸ್ ಕೊಡು ಎಂದದ್ದು ನಾನು ಕೇಳಿಲ್ಲ.

ಹೀಗೆ ಬಾಕಿ ಉಳಿಸಿಕೊಳ್ಳುವುದಕ್ಕೆ ಕಾನೂನು ಇಲ್ಲವೇ ಎಂದರೆ, ಇದೆ, ಗಟ್ಟಿಯಾಗಿಯೇ ಇದೆ. 2006ರ ಎಂಎಸ್‌ಎಂಇ ಕಾಯ್ದೆಯಂತೆ ಸಣ್ಣ ಉದ್ದಿಮೆಯ ಬಿಲ್ಲನ್ನು ಒಪ್ಪಂದ ಏನೇ ಇದ್ದರೂ 45 ದಿನ ದಾಟಿಸುವಂತಿಲ್ಲ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳು ತಿಂಗಳೂ ಚಕ್ರಬಡ್ಡಿ. ದೂರು ಕೊಡಲು ‘ಸಮಾಧಾನ್’ ಎಂಬ ಪೋರ್ಟಲ್ ಕೂಡ ಇದೆ. 2023-24ರ ಲೆಕ್ಕದಿಂದ ಆದಾಯ ತೆರಿಗೆಯಲ್ಲೂ ಒಂದು ಬಿಗಿ ಬಂತು: ಸಮಯಕ್ಕೆ ಕೊಡದ ಬಾಕಿಯನ್ನು ದೊಡ್ಡ ಕಂಪನಿ ಆ ವರ್ಷದ ಖರ್ಚಿಗೆ ತೋರಿಸುವಂತಿಲ್ಲ, ಕೊಟ್ಟ ವರ್ಷವೇ ತೋರಿಸಬೇಕು. ಆ ಮಾರ್ಚಿನಲ್ಲಿ ನನಗೆ ಹಬ್ಬ. ಕೇಳಿ ಕೇಳಿ ದಣಿದಿದ್ದ ಬಾಕಿಗಳು ತಾವಾಗಿ ಬಂದವು. ಕರೆ ಮಾಡಿದರೆ ಎತ್ತದಿದ್ದ ಅಕೌಂಟ್ಸಿನವರು ಅವರೇ ಕರೆ ಮಾಡಿ “ನಿಮ್ಮ ಉದ್ಯಮ್ ಸರ್ಟಿಫಿಕೇಟ್ ಕಳಿಸಿ” ಎಂದರು. ಮುಂದಿನ ವರ್ಷ ಕೆಲವರಿಗೆ ರಿಕ್ವೈರ್‌ಮೆಂಟ್ ಬರುವುದೇ ಕಡಿಮೆಯಾಯಿತು. ಎರಡಕ್ಕೂ ಸಂಬಂಧ ಇದೆ ಎಂದು ನಾನು ಹೇಳಲಾರೆ. ಮಾಲೀಕರು ಮಾತ್ರ ಸ್ಪಷ್ಟವಾಗಿ ಹೇಳುತ್ತಾರೆ. ‘ಸಮಾಧಾನ್’ಗೆ ಹೋಗೋಣವೇ ಎಂದು ಕೇಳಿದರೆ, “ಬೇಡ ಸಾರ್, ಒಂದು ಬಿಲ್ಲಿಗೋಸ್ಕರ ಕ್ಲೈಂಟ್ ಕಳ್ಕೊಳ್ಳೋದಾ?” ಎನ್ನುತ್ತಾರೆ. ಅವರ ಸಮಾಧಾನ ಅಷ್ಟರಲ್ಲೇ ಇದೆ.

ಎಂಪ್ಯಾನೆಲ್ ಆದವರ ಪಾಡೂ ಹೇಳಿಕೊಳ್ಳುವಂಥದ್ದಲ್ಲ. ಬಾಗಿಲು ತೆರೆದರೆ ಒಳಗಿರುವುದು ಮನುಷ್ಯರಲ್ಲ, ಪೋರ್ಟಲ್ಲು. ಒಂದೇ ಕೆಲಸದ ವಿವರ ಒಂದೇ ಗಳಿಗೆಯಲ್ಲಿ ಇಪ್ಪತ್ತು ವೆಂಡರುಗಳಿಗೆ ಹೋಗುತ್ತದೆ. ಇಪ್ಪತ್ತೂ ಜನ ಅದೇ ನೌಕ್ರಿಯ ಬೀರುವಿಗೆ ಕೈಹಾಕುತ್ತಾರೆ. ಆ ದಿನ ಸಿಲ್ಕ್ ಬೋರ್ಡಿನ ಬಸ್ಸಿನಲ್ಲಿ ಜೋತಾಡುತ್ತಿರುವ ಒಬ್ಬ ಬಡಪಾಯಿ ಜಾವಾ ಡೆವಲಪರಿಗೆ ಒಂದರ ಹಿಂದೆ ಒಂದು ಫೋನು. ಸಿಟಿಸಿ ಎಷ್ಟು, ಎಷ್ಟು ನಿರೀಕ್ಷೆ, ನೋಟಿಸ್ ಪಿರಿಯಡ್ ಎಷ್ಟು. ಅವನು ಎಲ್ಲರಿಗೂ ಹೂಂ ಎನ್ನುತ್ತಾನೆ. ಮೊದಲು ಅಪ್‌ಲೋಡ್ ಮಾಡಿದವರಿಗೆ ಅವನು ಸ್ವಂತ, ಉಳಿದವರಿಗೆ ‘ಡೂಪ್ಲಿಕೇಟ್ ಪ್ರೊಫೈಲ್’. ಎರಡು ನಿಮಿಷ ತಡವಾಗಿ, ಆದರೆ ಅವನ ಜೊತೆ ಅರ್ಧ ಗಂಟೆ ಮಾತಾಡಿ ಕೆಲಸ ಹೊಂದುತ್ತದೆಯೇ ಎಂದು ವಿಚಾರಿಸಿದ ಹುಡುಗಿಗೆ ಸೊನ್ನೆ. ಮಾತೇ ಆಡದೆ ಗುಂಡಿ ಒತ್ತಿದವಳಿಗೆ ಕಮಿಷನ್ನು. ಹೀಗೆ ಮಾಡಿಟ್ಟು, ವೆಂಡರುಗಳು ಕಳಿಸುವ ಪ್ರೊಫೈಲಿನಲ್ಲಿ ಕ್ವಾಲಿಟಿ ಇಲ್ಲ ಎಂದು ಕಂಪನಿಯವರು ಕೊರಗುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಬಾಗಿಲು ಇಷ್ಟು ಇಕ್ಕಟ್ಟಾದರೆ ಹಿತ್ತಲ ಬಾಗಿಲು ಹುಡುಕುವವರೂ ಹುಟ್ಟುತ್ತಾರೆ. 2023ರಲ್ಲಿ ಟಿಸಿಎಸ್‌ನಲ್ಲಿ ಸಿಬ್ಬಂದಿ ಒದಗಿಸುವ ಸಂಸ್ಥೆಗಳಿಗೂ ಒಳಗಿನ ಕೆಲವರಿಗೂ ನಂಟಿದೆ ಎಂಬ ದೂರು ಬಂದು, ವಿಚಾರಣೆ ನಡೆದು, ಕಂಪನಿ 16 ಜನರನ್ನು ಕೆಲಸದಿಂದ ತೆಗೆದು, ಆರು ವೆಂಡರುಗಳನ್ನು ಹೊರಗಿಟ್ಟಿತು. ಅದಾದ ಮೇಲೆ ದೀಪಾವಳಿಗೆ ಡ್ರೈ ಫ್ರೂಟ್ಸ್ ಡಬ್ಬ ಕಳಿಸಿದರೂ ಸೆಕ್ಯುರಿಟಿಯಿಂದಲೇ ವಾಪಸ್ ಬರುತ್ತಿದೆ ಎಂದು ನಮ್ಮವರ ಅಳಲು. ವಾಪಸ್ ಬಂದ ಗೋಡಂಬಿ ನಮ್ಮ ಆಫೀಸಿಗೂ ಬರುತ್ತದೆ, ಆ ಬಗ್ಗೆ ನನ್ನದೇನೂ ದೂರಿಲ್ಲ.

ಹಾಗಾದರೆ ದೊಡ್ಡವರ ಮನೆಗೆ ಸಣ್ಣವರು ಹೋಗುವುದೇ ಇಲ್ಲವೇ? ಹೋಗುತ್ತಾರೆ. ಆದರೆ ಗೇಟಿನಿಂದ ಹೋದವರನ್ನು ನಾನು ನೋಡಿದ್ದು ಕಡಿಮೆ.

ಮಲ್ಲೇಶ್ವರದಲ್ಲಿ ಒಬ್ಬ ಮೇಡಂ ಇದ್ದಾರೆ. ಮೊದಲು ಒಂದು ಕಾರ್ಖಾನೆಯ ಪರ್ಸೊನೆಲ್ ಡಿಪಾರ್ಟ್‌ಮೆಂಟಿನಲ್ಲಿದ್ದರು. ಅದು ಮುಚ್ಚಿದ ಮೇಲೆ ಮನೆಯ ಮುಂಭಾಗದ ಕೋಣೆಯಲ್ಲಿ ಕನ್ಸಲ್ಟೆನ್ಸಿ ಶುರುಮಾಡಿದರು. ಸಾಫ್ಟ್‌ವೇರ್ ಕಡೆ ತಲೆ ಹಾಕಲಿಲ್ಲ. ಟೂಲ್‌ರೂಮು, ಮೋಲ್ಡು, ಸಿಎನ್‌ಸಿ, ಇಷ್ಟೇ ಅವರ ಪ್ರಪಂಚ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಆರಂಭವಾದ ನಮ್ಮ ಸರ್ಕಾರದ ಜಿಟಿಟಿಸಿ ಇದೆಯಲ್ಲ, ತಲಶ್ಶೇರಿಯಲ್ಲಿ 1959ರಲ್ಲಿ ಹುಟ್ಟಿ ಪೀಣ್ಯಕ್ಕೂ ಬಂದ ಎನ್‌ಟಿಟಿಎಫ್ ಇದೆಯಲ್ಲ, ಅಲ್ಲಿ ಡಿಪ್ಲೊಮಾ ಮಾಡಿದ ಹುಡುಗರ ಬ್ಯಾಚುಗಳೇ ಅವರ ನಾಲಗೆಯ ಮೇಲಿವೆ. ಮೇಡಂ ಹತ್ತಿರ ಸಾಫ್ಟ್‌ವೇರಿನ ಬದಲು ರಟ್ಟಿನ ಹೊದಿಕೆಯ ನೋಟ್ ಬುಕ್ಕು. ಅದರಲ್ಲಿ ನಾನು ಕಣ್ಣಾರೆ ಓದಿದ ಒಂದು ಟಿಪ್ಪಣಿ: “ಕೈ ಚೆನ್ನಾಗಿದೆ, ಮಾತು ಕಮ್ಮಿ. ಹೆಂಡತಿ ತುಮಕೂರಿನಲ್ಲಿ ಟೀಚರು, ಹೊಸೂರು ರೋಡ್ ಕಡೆ ಬರೋಲ್ಲ. ಸೂಪರ್‌ವೈಸರ್ ಬೈದರೆ ಬಿಟ್ಟುಬಿಡ್ತಾನೆ.” ನೌಕ್ರಿಯಲ್ಲಿ ಈ ಮೂರು ಸಾಲಿಗೆ ಕಾಲಂ ಇಲ್ಲ. ಅವನಿಗೆ ದಾಬಸ್‌ಪೇಟೆಯ ಒಂದು ಕಾರ್ಖಾನೆಯಲ್ಲಿ ಮೆದು ಮಾತಿನ ಒಬ್ಬ ಸೂಪರ್‌ವೈಸರ್ ಕೈಕೆಳಗೆ ಕೆಲಸ ಕೊಡಿಸಿದ್ದಾರೆ. ಬಿಟ್ಟಿಲ್ಲ.

ದೇವನಹಳ್ಳಿ ಕಡೆ ವಿಮಾನದ ಬಿಡಿಭಾಗ ಮಾಡುವ ಒಂದು ಹೊರದೇಶದ ಕಂಪನಿ ಇದೆ. ಅಲ್ಲಿಗೆ ಐದು ಆಕ್ಸಿಸ್ ಮೆಷಿನ್ನಿಗೆ ಪ್ರೋಗ್ರಾಂ ಬರೆಯುವವನೊಬ್ಬ ಬೇಕಾಗಿತ್ತು. ಪೋರ್ಟಲ್ಲಿನ ವೆಂಡರುಗಳೆಲ್ಲ ಸೇರಿ ನೂರಾರು ಬಯೋಡೇಟಾ ಸುರಿದರು. ‘ಪ್ರೋಗ್ರಾಮರ್’ ಎಂದು ಹುಡುಕಿದರೆ ಅದರಲ್ಲಿ ಮುಕ್ಕಾಲು ಪಾಲು ಕಂಪ್ಯೂಟರಿನವರೇ ಬರುತ್ತಾರೆ, ಪಾಪ. ಅಷ್ಟರಲ್ಲಿ ಕೋಟಿಗಟ್ಟಲೆ ಬೆಲೆಯ ಮೆಷಿನ್ ಬಟ್ಟೆ ಹೊದ್ದು ನಿಂತಿತ್ತು. ಆ ಪ್ಲಾಂಟಿನ ಮ್ಯಾನೇಜರು ಒಂದು ಕಾಲಕ್ಕೆ ಮೇಡಂ ಮೊದಲ ಕೆಲಸ ಕೊಡಿಸಿದ್ದ ಹುಡುಗ. ಪೋರ್ಟಲ್ಲನ್ನು ಪಕ್ಕಕ್ಕಿಟ್ಟು ಫೋನ್ ಮಾಡಿದ. “ಅಮ್ಮ, ಯಾರಾದ್ರೂ ಇದಾರಾ?” ಇವರು ನೋಟ್ ಬುಕ್ ತೆಗೆದು ಇಬ್ಬರ ಹೆಸರು ಹೇಳಿದರು.

ಆಮೇಲೆ ಪರ್ಚೇಸಿನವರು ಬಂದರು. ಬೇರೆಯವರು ಆರಕ್ಕೆ ಕೊಡುತ್ತಾರೆ, ನಿಮ್ಮದು 8.33 ಅಂತೀರಲ್ಲ ಎಂದರು. “ಅವರ ಹತ್ತಿರಾನೇ ತಗೊಳ್ಳಿ ಸಾರ್. ನನಗೂ ಬೇರೆ ಕೆಲಸ ಇದೆ” ಎಂದು ಇವರು ಫೋನ್ ಇಟ್ಟರಂತೆ. ನಾನಾಗಿದ್ದರೆ ಏಳಕ್ಕೆ ಇಳಿಸಿಬಿಡುತ್ತಿದ್ದೆ. ಮೆಷಿನ್ ಇನ್ನೂ ಕೆಲವು ವಾರ ಬಟ್ಟೆ ಹೊದ್ದುಕೊಂಡೇ ಇತ್ತು. ಕೊನೆಗೆ 8.33ಕ್ಕೇ, 30 ದಿನದ ಪೇಮೆಂಟಿಗೇ ಒಪ್ಪಿ ಮೇಲ್ ಬಂತು. ಹುಡುಗ ಸೇರಿ ಮೊದಲ ಸಂಬಳ ಎಣಿಸಿಕೊಂಡದ್ದಾಯಿತು, ಮೇಡಂಗೆ ವೆಂಡರ್ ಕೋಡ್ ಬಂದದ್ದು ಆಮೇಲೆ. ಅವರ ವಹಿವಾಟು ಐದು ಕೋಟಿ ಇದೆಯೇ ಎಂದು ಆ ಸಲ ಯಾರೂ ಕೇಳಲಿಲ್ಲ. ಇಂಗಾಲದ ವಿಚಾರವೂ ಬರಲಿಲ್ಲ.

ಈ ಕಥೆ ಕೇಳಿ ಹುಮ್ಮಸ್ಸು ಪಡುವವರು ಇದರ ಬಾಲವನ್ನೂ ಕೇಳಬೇಕು. ಎರಡು ವರ್ಷಕ್ಕೆ ಆ ಮ್ಯಾನೇಜರು ಹೈದರಾಬಾದಿಗೆ ಬೇರೆ ಕಂಪನಿಗೆ ಹೋದ. ದೇವನಹಳ್ಳಿಯಿಂದ ಫೋನ್ ಬರುವುದು ಅದೇ ತಿಂಗಳು ನಿಂತಿತು. ವೆಂಡರ್ ಕೋಡ್ ಈಗಲೂ ಜೀವಂತ ಇದೆ, ವರ್ಷಕ್ಕೊಮ್ಮೆ ದಾಖಲೆ ನವೀಕರಿಸಿ ಎಂಬ ಮೇಲ್ ಬರುತ್ತದೆ, ಕೆಲಸ ಮಾತ್ರ ಇಲ್ಲ. ಹೈದರಾಬಾದಿನಿಂದ ಬರುತ್ತಿದೆ. ದೊಡ್ಡ ಕಂಪನಿ ಕ್ಲೈಂಟ್ ಆಯಿತು ಎನ್ನುತ್ತೇವಲ್ಲ, ಕಂಪನಿ ಯಾವತ್ತೂ ಯಾರಿಗೂ ಕ್ಲೈಂಟ್ ಆಗಿರುವುದಿಲ್ಲ. ಒಳಗೆ ತಲೆ ಬಿಸಿಯಾದ ಒಬ್ಬ ಮನುಷ್ಯ ಇರುತ್ತಾನೆ, ಅವನು ಆಗಿರುತ್ತಾನೆ. ಅವನು ಬ್ಯಾಗ್ ಎತ್ತಿಕೊಂಡು ಹೊರಟರೆ ಕ್ಲೈಂಟೂ ಹೊರಟ. ಬಾಕಿ ಪಟ್ಟಿಯನ್ನು ಇಷ್ಟು ವರ್ಷ ನೋಡಿ ನನಗೆ ಕಂಡದ್ದು ಇದು. ಮಾಲೀಕರಿಗೆ ಹೇಳಿದರೆ, ನೀವು ಅಕೌಂಟ್ಸ್ ನೋಡಿ ಸಾರ್, ಬಿಸಿನೆಸ್ ನಾವು ನೋಡ್ಕೋತೀವಿ ಎನ್ನುತ್ತಾರೆ.

ವಿಜಯನಗರದ ನಮ್ಮ ಕಕ್ಷಿದಾರರು ಹಾಗೆ ಅಂದವರಲ್ಲಿ ಮೊದಲಿಗರು. ಎ.ಸಿ. ಕೆಟ್ಟವರು ಇವರೇ. ಇವರ ಹತ್ತಿರ ಹಾಸನದ ಕಡೆಯ ಒಬ್ಬ ಹುಡುಗಿ ಇದ್ದಳು. ಬಿ.ಕಾಂ. ಮುಗಿಸಿ ಬಂದವಳಿಗೆ ಫೋನಿನಲ್ಲಿ ಮಾತಾಡುವುದರಿಂದ ಹಿಡಿದು ರೇಟು ಕುದುರಿಸುವವರೆಗೆ ಎಲ್ಲ ಕಲಿಸಿದ್ದರು. ಅಂತೂ ಒಂದು ದೊಡ್ಡ ಕಂಪನಿ ಇವರನ್ನು ಪಟ್ಟಿಗೆ ಸೇರಿಸಿಕೊಂಡಿತು. ಅದರ ಕೆಲಸವನ್ನೆಲ್ಲ ನೋಡಿಕೊಂಡವಳು ಆ ಹುಡುಗಿ. ವರ್ಷ ತಿರುಗುವಷ್ಟರಲ್ಲಿ ಆ ಕಂಪನಿಯೇ ಅವಳನ್ನು ತನ್ನ ರಿಕ್ರೂಟ್‌ಮೆಂಟ್ ಟೀಮಿಗೆ ಕರೆದುಕೊಂಡಿತು. ಮಾಲೀಕರು ಅಗ್ರಿಮೆಂಟ್ ಹಿಡಿದು ನನ್ನ ಹತ್ತಿರ ಓಡಿಬಂದರು. ವೆಂಡರು ಕಂಪನಿಯ ನೌಕರರನ್ನು ಸೆಳೆಯಕೂಡದು ಎಂದು ಅದರಲ್ಲಿ ಒಂದು ಪುಟ ತುಂಬ ಇದೆ. ಕಂಪನಿ ವೆಂಡರಿನ ನೌಕರರನ್ನು ಸೆಳೆದರೆ ಏನು ಎಂಬುದಕ್ಕೆ ಒಂದು ಸಾಲೂ ಇಲ್ಲ.

“ಅವರಿಗೆ ಒಂದು ಕ್ಯಾಂಡಿಡೇಟ್ ಸೇರಿದ ಹಾಗೇ ಆಯ್ತಲ್ಲ ಸಾರ್,” ಎಂದರು. “ಒಂದು 8.33 ಬಿಲ್ಲು ಹಾಕೋಕೆ ಬರುತ್ತಾ?”

ಬರುವುದಿಲ್ಲ ಎಂದೆ. ಪೋರ್ಟಲ್ಲಿನಲ್ಲಿ ಅವಳ ಪ್ರೊಫೈಲನ್ನು ಇವರು ಅಪ್‌ಲೋಡ್ ಮಾಡಿರಲಿಲ್ಲ. ಮೂರು ದಿನ ಕೋಪ ಇತ್ತು. ಆಮೇಲೆ ಅವಳೇ ಆ ಕಡೆಯಿಂದ ಫೋನ್ ಮಾಡಿದಳು. ಹೊಸ ಕೆಲಸ ಪೋರ್ಟಲ್ಲಿಗೆ ಏರುವ ಮುಂಚೆ ಒಂದು ಮಾತು ಹೇಳುತ್ತೇನೆ ಸಾರ್, ರೆಡಿ ಇಟ್ಟುಕೊಳ್ಳಿ ಎಂದಳಂತೆ. ಇವರಿಗೆ ಕಣ್ಣಲ್ಲಿ ನೀರು ಬಂತಂತೆ. ಅದೇ ಉಸಿರಿನಲ್ಲಿ ಅವಳು, “ರೇಟ್ ಮಾತ್ರ ಆರು ಮಾಡಿಕೊಳ್ಳಿ ಸಾರ್, ಎಲ್ಲರೂ ಅದಕ್ಕೇ ಮಾಡ್ತಿದಾರೆ” ಎಂದಳಂತೆ. ಅರ್ಧ ಗಂಟೆ ಎಳೆದಾಟ ನಡೆದು ಆರೂವರೆಗೆ ನಿಂತಿದೆ. ಆ ರೇಟಿನ ಬಿಲ್ಲು ಈ ತಿಂಗಳ ರಿಟರ್ನ್ಸಿನಲ್ಲಿ ಬಂದಿದೆ, ಜಿಎಸ್‌ಟಿ ಕಟ್ಟಿಯಾಯಿತು. ದುಡ್ಡು ಬರಬೇಕು.